ನೋಡುಗರ ಅಭಿಪ್ರಾಯವನ್ನು ಬರಹಕ್ಕೆ ಇಳಿಸುವ ಬಗೆ: ‘ಗಾಬ್ಲಿನ್’ ಧಾರಾವಾಹಿಯ ಉದಾಹರಣೆಯೊಂದಿಗೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದ ಎಂಟು ಹತ್ತು ಮಂದಿ ಕನ್ನಡಿಗರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಮನೆಯಲ್ಲಿ ಸೇರುತ್ತೇವೆ. ಆ ವಾರ ನೋಡಿದ ಧಾರಾವಾಹಿಯ ಬಗ್ಗೆ ಮಾತನಾಡುತ್ತೇವೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದವರು, ಕಲಬುರಗಿ, ವಿಜಯಪುರದವರು, ಇಲ್ಲಿಯೇ ಹುಟ್ಟಿ ಬೆಳೆದು ಮನೆಯೊಳಗೆ ಮಾತ್ರ ಕನ್ನಡ ಆಡುವ ಮಕ್ಕಳು, ಎಲ್ಲರೂ ಅಲ್ಲಿರುತ್ತಾರೆ. ಹೀಗೆ ಆಡಿದ ಮಾತುಗಳನ್ನು ಒಟ್ಟುಮಾಡಿ ಸಂಘದ ವಾರ್ಷಿಕ ಸಂಚಿಕೆಗೆ ಲೇಖನವಾಗಿ ಬರೆದುಕೊಡುವ ಹೊಣೆ ನನ್ನದು. ಮೊದಲ ಸಲ ನಾನು ಬರೆದದ್ದು ಒಂದೂವರೆ ಪುಟ. ಕಥೆ ಚೆನ್ನಾಗಿದೆ, ನಟನೆ ಮನಮುಟ್ಟುತ್ತದೆ, ನಡುವೆ ಸ್ವಲ್ಪ ನಿಧಾನವಾಯಿತು, ಹಾಡುಗಳು ಇಂಪಾಗಿವೆ ಎಂದು ಅದರಲ್ಲಿತ್ತು. ಅಚ್ಚಾಗಿ ಬಂದ ಮೇಲೆ ನಮ್ಮ ಗುಂಪಿನ ವಿಜಯಪುರದ ಅಕ್ಕ ಅದನ್ನು ಎರಡು ಸಲ ಓದಿ, ‘ಇದರಾಗ ನಾ ಎಲ್ಲಿ ಅದೀನಿ?’ ಎಂದು ಕೇಳಿದರು. ಎರಡು ತಿಂಗಳು ಅವರು ಆಡಿದ ಮಾತುಗಳಲ್ಲಿ ಒಂದೂ ಆ ಪುಟಗಳಲ್ಲಿ ಇರಲಿಲ್ಲ. ಅಂದಿನಿಂದ ಈ ಕೆಲಸ ಮಾಡುವ ಕ್ರಮವನ್ನೇ ಬದಲಾಯಿಸಿಕೊಂಡೆ. ಪುಣೆಯಲ್ಲೋ ಗೋವಾದಲ್ಲೋ ಇಂಥದೇ ಗುಂಪು ಕಟ್ಟಿಕೊಂಡವರಿಗೆ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗಾಗಿ ತೆಗೆದುಕೊಂಡಿರುವುದು ನಾವು ಒಂದು ಮಳೆಗಾಲ ಪೂರ್ತಿ ನೋಡಿದ ‘ಗಾಬ್ಲಿನ್’. ಕಿಮ್ ಉನ್ ಸುಕ್ ಬರೆದು ಲೀ ಉಂಗ್ ಬೊಕ್ ನಿರ್ದೇಶಿಸಿದ, 16 ಕಂತುಗಳ ಈ ಧಾರಾವಾಹಿ ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ ಪ್ರಸಾರವಾಯಿತು. ಗೊರ್ಯೊ ರಾಜವಂಶದ ಕಾಲದ ಸೇನಾಪತಿ ಕಿಮ್ ಶಿನ್ ತನ್ನ ರಾಜನ ಅಸೂಯೆಗೆ ಬಲಿಯಾಗುತ್ತಾನೆ. ಆದರೆ ಎದೆಯಲ್ಲಿ ನೆಟ್ಟ ಕತ್ತಿಯೊಂದಿಗೆ ಸಾವಿಲ್ಲದವನಾಗಿ ಉಳಿದು, ಕಥೆ ಇಂದಿನ ಕಾಲಕ್ಕೆ ಬರುವ ಹೊತ್ತಿಗೆ 939 ವರ್ಷ ವಯಸ್ಸಿನವನಾಗಿರುತ್ತಾನೆ. ಆ ಕತ್ತಿಯನ್ನು ಕಾಣಬಲ್ಲವಳು, ಕೀಳಬಲ್ಲವಳು ಅವನ ವಧು ಮಾತ್ರ. ಅವಳು ಅದನ್ನು ಕಿತ್ತರೆ ಅವನ ಬಾಳು ಮುಗಿಯುತ್ತದೆ. ಆ ವಧು ತಾನೇ ಎಂದು ಹೇಳಿಕೊಂಡು ಬರುವವಳು ಜಿ ಉನ್ ತಾಕ್, ಸತ್ತವರನ್ನು ಕಾಣಬಲ್ಲ ಒಬ್ಬ ವಿದ್ಯಾರ್ಥಿನಿ. ಈ ಪಾತ್ರಗಳಲ್ಲಿ ಗಾಂಗ್ ಯೂ ಮತ್ತು ಕಿಮ್ ಗೋ ಉನ್ ನಟಿಸಿದ್ದಾರೆ. ಕಿಮ್ ಶಿನ್‌ನ ಮನೆಯಲ್ಲಿಯೇ ಬಂದು ನೆಲೆಸುವ ಯಮದೂತನಾಗಿ ಲೀ ಡಾಂಗ್ ವುಕ್, ಚಿಕನ್ ಅಂಗಡಿ ನಡೆಸುವ ಸನ್ನಿಯಾಗಿ ಯೂ ಇನ್ ನಾ ಇದ್ದಾರೆ. ಇನ್ನೂ ನೋಡದವರ ಸಲುವಾಗಿ ಕಥೆಯ ಕೊನೆಯ ಭಾಗವನ್ನು ಇಲ್ಲಿ ಎಲ್ಲಿಯೂ ಬಿಡಿಸಿ ಹೇಳಿಲ್ಲ. ನೀವು ಬರೆಯುವಾಗಲೂ ಇದನ್ನು ಪಾಲಿಸಬೇಕು. ಕೊನೆಯ ಬಗ್ಗೆ ಬರೆಯಲೇಬೇಕಾದಾಗ ಆ ಭಾಗವನ್ನು ಲೇಖನದ ಕೊನೆಗೆ ಇಟ್ಟು, ಅಲ್ಲಿಂದ ಮುಂದೆ ಕಥೆಯ ಗುಟ್ಟು ಇದೆ ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ಮೊದಲ ಪ್ರಶ್ನೆ: ಹೇಗೆ ನೋಡಿದಿರಿ?

‘ಹೇಗನ್ನಿಸಿತು’ ಎಂದು ಕೇಳುವ ಮುನ್ನ ‘ಹೇಗೆ ನೋಡಿದಿರಿ’ ಎಂದು ಕೇಳಬೇಕು. ನಮ್ಮಲ್ಲಿ ಮೂವರು ಕೆಲಸಕ್ಕೆ ಹೋಗುವವರು ಧಾರಾವಾಹಿಯನ್ನು ಲೋಕಲ್ ಟ್ರೇನಿನಲ್ಲಿ ನೋಡುತ್ತಾರೆ. ಡೊಂಬಿವಲಿಯಿಂದ ಮುಂಬೈಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಯವರೆಗೆ ಒಂದು ಗಂಟೆಗೂ ಮಿಕ್ಕಿದ ದಾರಿಯಲ್ಲಿ ಒಂದು ಕಂತು ಹೆಚ್ಚುಕಡಿಮೆ ಮುಗಿಯುತ್ತದೆ. ಆದರೆ ನಡುವಿನ ಠಾಣೆ ನಿಲ್ದಾಣದಲ್ಲಿ ಜನ ನುಗ್ಗಿದಾಗ ಫೋನನ್ನು ಎದೆಗೆ ಒತ್ತಿ ಹಿಡಿದುಕೊಳ್ಳಬೇಕಾಗುತ್ತದೆ, ಕಿವಿಯಲ್ಲಿ ಕೊರಿಯನ್ ಮಾತು ಕೇಳುತ್ತಿದ್ದರೂ ಸಬ್‌ಟೈಟಲ್ ಕಾಣುವುದಿಲ್ಲ, ಹೀಗಾಗಿ ನಡುವಿನ ಐದಾರು ನಿಮಿಷ ಅವರ ಪಾಲಿಗೆ ಇಲ್ಲದಂತೆಯೇ ಆಗುತ್ತದೆ. ಇನ್ನು ಕಾಲೇಜಿಗೆ ಹೋಗುವ ಹುಡುಗ ವೇಗ ಹೆಚ್ಚಿಸಿಕೊಂಡು ನೋಡುತ್ತಾನೆ. ಮನೆಯಲ್ಲಿರುವ ದೊಡ್ಡಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾಳೆ. ಅಂದರೆ ದೊಡ್ಡಮ್ಮ ನೋಡಿದ್ದು ಅರ್ಧ ಕಿಮ್ ಉನ್ ಸುಕ್ ಬರೆದ ಕಥೆ, ಅರ್ಧ ಮೊಮ್ಮಗಳು ಹೇಳಿದ ಕಥೆ. ಇದು ಕೊರತೆಯೆಂದು ನಾನು ಭಾವಿಸುವುದಿಲ್ಲ. ಹಾಗೆ ಕೇಳಿಸಿಕೊಂಡು ನೋಡಿದ ದೊಡ್ಡಮ್ಮನ ಕಣ್ಣು ಪರದೆಯ ಕೆಳಗಿನ ಅಕ್ಷರಗಳಿಗೆ ಅಂಟಿಕೊಳ್ಳದೆ ಮುಖಗಳ ಮೇಲೆಯೇ ಇದ್ದುದರಿಂದ, ಯಮದೂತನ ಕೈ ಎಲ್ಲಿ ನಡುಗಿತು ಎಂಬುದನ್ನು ಉಳಿದ ನಮಗಿಂತ ಮೊದಲು ಅವರೇ ಗಮನಿಸಿದ್ದರು. ಆದರೆ ಸಂಭಾಷಣೆ ಸಪ್ಪೆ ಎಂದು ಅವರು ಹೇಳಿದರೆ ಆ ಮಾತನ್ನು ಬರಹಗಾರ್ತಿಯ ತಪ್ಪೆಂದು ಬರೆಯುವಂತಿಲ್ಲ.

ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ನೋಡಿದ ಬಗೆಯನ್ನು ಬರೆದುಕೊಳ್ಳಿ: ದೊಡ್ಡ ಪರದೆಯೋ ಫೋನೋ, ಸಬ್‌ಟೈಟಲ್ ಯಾವ ಭಾಷೆಯದು ಅಥವಾ ಹಿಂದಿ ಡಬ್ಬಿಂಗೋ, ದಿನಕ್ಕೆ ಎಷ್ಟು ಕಂತು, ಒಬ್ಬರೇ ನೋಡಿದರೋ ಮನೆಮಂದಿಯೊಂದಿಗೋ. ಸಾಧ್ಯವಾದರೆ ಇಡೀ ಗುಂಪು ವಾರಕ್ಕೆ ಎರಡೇ ಕಂತು ನೋಡುವುದೆಂದು ಒಪ್ಪಿಕೊಳ್ಳುವುದು ಒಳ್ಳೆಯದು. ಮೂಲದಲ್ಲಿ ಈ ಧಾರಾವಾಹಿ ಶುಕ್ರವಾರ ಮತ್ತು ಶನಿವಾರ ಒಂದೊಂದರಂತೆ ಬಂದದ್ದು. ಪ್ರತಿ ಕಂತಿನ ಕೊನೆಯ ದೃಶ್ಯವನ್ನು ನೋಡುಗರು ಒಂದು ದಿನವೋ ಒಂದು ವಾರವೋ ಮನಸ್ಸಿನಲ್ಲಿಟ್ಟುಕೊಂಡು ಕಾಯಲಿ ಎಂಬ ಲೆಕ್ಕದಲ್ಲಿಯೇ ಕಟ್ಟಿರುತ್ತಾರೆ. ಒಂದೇ ರಾತ್ರಿಯಲ್ಲಿ ಆರು ಕಂತು ನೋಡಿದವರಿಗೆ ಹಿಂದಿನ ಘಟನೆಗಳನ್ನು ಮತ್ತೆ ಮತ್ತೆ ತೋರಿಸುವುದು ಬೇಸರ ತರುತ್ತದೆ. ವಾರ ಕಾದವರಿಗೆ ಅದೇ ದೃಶ್ಯಗಳು ನೆನಪನ್ನು ತಾಜಾ ಮಾಡುತ್ತವೆ. ‘ನಿಧಾನ’ ಎಂಬ ದೂರು ಬಂದಾಗ ಅದು ಕಥೆಯದೋ ನೋಡಿದ ಬಗೆಯದೋ ಎಂದು ತಿಳಿಯಲು ಈ ಒಂದು ಟಿಪ್ಪಣಿ ಬೇಕೇಬೇಕು.

ಮೊದಲೆರಡು ವಾರಗಳಲ್ಲಿ ಇನ್ನೊಂದು ಮಾತು ಖಂಡಿತ ಬರುತ್ತದೆ: ಎಲ್ಲರ ಮುಖವೂ ಒಂದೇ ತರಹ ಕಾಣುತ್ತದೆ ಎಂಬುದು. ಅದು ಅಭ್ಯಾಸವಿಲ್ಲದ ಕಣ್ಣಿನ ಮಾತು, ಧಾರಾವಾಹಿಯ ಬಗೆಗಿನ ಅಭಿಪ್ರಾಯವಲ್ಲ, ಅಚ್ಚಿನಲ್ಲಿ ಅದಕ್ಕೆ ಜಾಗವೂ ಬೇಡ. ಒಂದು ದೊಡ್ಡ ಹಾಳೆಯಲ್ಲಿ ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಹೆಸರುಗಳ ಕಾಗುಣಿತವನ್ನೂ ಅಂದೇ ನಿರ್ಧರಿಸಿ, ಮುಂದೆ ಎಲ್ಲ ಕಡೆ ಅದನ್ನೇ ಬಳಸಿ.

ಕರೆಯುವ ಪದಗಳು ಮತ್ತು ವಯಸ್ಸು

ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದೇ ವಿಷಯ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಉನ್ ತಾಕ್ ಕಿಮ್ ಶಿನ್‌ನನ್ನು ‘ಅಜೊಸ್ಸಿ’ ಎಂದು ಕರೆಯುತ್ತಾಳೆ. ರಕ್ತಸಂಬಂಧವಿಲ್ಲದ, ತನಗಿಂತ ಬಹಳ ದೊಡ್ಡವನಾದ ಗಂಡಸನ್ನು ಕೊರಿಯನ್ನರು ಕರೆಯುವ ಪದ ಅದು. ಮುಂಬೈಯ ಮಕ್ಕಳು ಕೆಳಮನೆಯವರನ್ನು ಅಂಕಲ್ ಎಂದೋ ಕಾಕಾ ಎಂದೋ ಕರೆಯುವ ಹಾಗೆ. ಅವಳು ಅವನೊಂದಿಗೆ ಗೌರವದ ರೂಪದಲ್ಲಿ ಮಾತನಾಡುತ್ತಾಳೆ, ಅವನು ಅವಳೊಂದಿಗೆ ಏಕವಚನದಲ್ಲಿ. ಕೊರಿಯನ್ ಭಾಷೆಯಲ್ಲಿ ಈ ಭೇದ ಕ್ರಿಯಾಪದದ ಕೊನೆಯಲ್ಲಿಯೇ ಕೇಳಿಸುತ್ತದೆ, ನಮ್ಮ ‘ಬಾ’ ಮತ್ತು ‘ಬನ್ನಿ’ಯಲ್ಲಿ ಕೇಳಿಸುವಂತೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಇಬ್ಬರೂ ಒಂದೇ ‘ಯೂ’ ಆಗಿಬಿಡುತ್ತಾರೆ. ಆದ್ದರಿಂದ ಸಬ್‌ಟೈಟಲ್ ಓದಿ ನೋಡಿದವರಿಗೆ ಅವರಿಬ್ಬರೂ ಸಮವಯಸ್ಕರ ಹಾಗೆ ಮಾತನಾಡಿದಂತೆ ತೋರುತ್ತದೆ, ದನಿಯನ್ನು ಗಮನಿಸಿದವರಿಗೆ ತೋರುವುದಿಲ್ಲ. ಒಂದೇ ದೃಶ್ಯದ ಬಗ್ಗೆ ಎರಡು ಅಭಿಪ್ರಾಯ ಬಂದಾಗ ಕಾರಣ ಇಲ್ಲಿ ಸಿಗುವುದುಂಟು.

ಇಂಥದೇ ಇನ್ನೊಂದು ಪದ ‘ಒಪ್ಪಾ’. ಹೆಣ್ಣುಮಕ್ಕಳು ಸ್ವಂತ ಅಣ್ಣನಿಗೂ ಪ್ರೀತಿಸುವ ಹುಡುಗನಿಗೂ ಅದನ್ನೇ ಬಳಸುತ್ತಾರೆ. ಕೊರಿಯನ್ ಧಾರಾವಾಹಿಗೆ ಹೊಸಬರಾದ ಹಿರಿಯರಿಗೆ ಇದು ಇರಿಸುಮುರಿಸು ಉಂಟುಮಾಡುತ್ತದೆ; ‘ಅಣ್ಣ’ ಎಂದು ಕರೆದವನನ್ನು ಮದುವೆಯಾಗುವುದೇ ಎಂದು ಕೇಳುತ್ತಾರೆ. ಅಂಥವರಿಗೆ ನಾನು ನಮ್ಮ ‘ಮಾವ’ ಎಂಬ ಪದವನ್ನು ನೆನಪಿಸುತ್ತೇನೆ. ಸೋದರಮಾವನನ್ನು ಮದುವೆಯಾಗುವ ರೂಢಿಯಿದ್ದ ಮನೆಗಳಲ್ಲಿ ಹುಡುಗಿ ಬಾಲ್ಯದಿಂದ ಮಾವ ಎಂದು ಕರೆದವನನ್ನೇ ಗಂಡನೆಂದು ಕರೆಯತೊಡಗಿದ್ದು ಹೊರಗಿನವರ ಕಿವಿಗೆ ಎಷ್ಟು ವಿಚಿತ್ರವಾಗಿ ಕೇಳಿಸಿರಬಹುದು? ಈ ಹೋಲಿಕೆ ಹೇಳಿದ ಮೇಲೆ ಚರ್ಚೆ ಪದದಿಂದ ಸಂಬಂಧದ ಕಡೆಗೆ ಹೊರಳುತ್ತದೆ, ಹೊರಳಬೇಕಾದದ್ದೂ ಆ ಕಡೆಗೇ.

ಇನ್ನು ವಯಸ್ಸಿನ ಲೆಕ್ಕ. ಕಥೆಯ ಆರಂಭದಲ್ಲಿ ಉನ್ ತಾಕ್‌ಗೆ 19 ವರ್ಷ ಎಂದು ಬರುತ್ತದೆ, ಆದರೆ ಅದು ಕೊರಿಯಾದ ಹಳೆಯ ಲೆಕ್ಕ. ಹುಟ್ಟಿದಾಗಲೇ ಒಂದು ವರ್ಷವೆಂದು ಎಣಿಸಿ ಪ್ರತಿ ಹೊಸ ವರ್ಷದಂದು ಒಂದನ್ನು ಕೂಡಿಸುವ ಆ ಪದ್ಧತಿಯನ್ನು ಕಾನೂನಿನ ವ್ಯವಹಾರಗಳಿಂದ ಕೈಬಿಟ್ಟದ್ದು 2023ರ ಜೂನ್‌ನಲ್ಲಿ. ನಮ್ಮ ಲೆಕ್ಕಕ್ಕೆ ಅವಳು 17 ಅಥವಾ 18ರ ಹುಡುಗಿ, ಇಲ್ಲಿಯ ಹನ್ನೆರಡನೆಯ ತರಗತಿಗೆ ಸಮನಾದ ವರ್ಷದಲ್ಲಿ ಓದುತ್ತಿರುವವಳು. ನಟರ ವಯಸ್ಸು ಬೇರೆ: ಗಾಂಗ್ ಯೂ ಹುಟ್ಟಿದ್ದು 1979ರಲ್ಲಿ, ಕಿಮ್ ಗೋ ಉನ್ 1991ರಲ್ಲಿ. ಪ್ರೇಮಕಥೆಯ ಈ ಅಂತರವನ್ನು ಆಕ್ಷೇಪಿಸಿದವರು ಕೊರಿಯಾದಲ್ಲಿಯೂ ಇದ್ದರು, ನಮ್ಮಲ್ಲಿಯೂ ಇದ್ದರು. ‘ಅವನಿಗೆ ಒಂಬೈನೂರು ವರ್ಷ ಅಂದ ಮೇಲೆ ಯಾವ ಹೆಣ್ಣಾದರೂ ಸಣ್ಣವಳೇ ಅಲ್ವಾ ಮಾರಾಯ್ರೆ’ ಎಂದು ಉಡುಪಿಯ ಮಾಮಿ ಹೇಳಿದರು. ‘ಒಂಬೈನೂರು ಇರಲಿ, ಹುಡುಗಿ ಭಾಳ ಸಣ್ಣಾಕಿ ಅದಾಳ’ ಎಂದು ವಿಜಯಪುರದ ಅಕ್ಕ ಪಟ್ಟು ಹಿಡಿದರು. ಇಬ್ಬರ ಮಾತನ್ನೂ ಅವರವರ ನುಡಿಯಲ್ಲಿಯೇ ಬರೆದುಕೊಂಡೆ. ಈ ಒಂದು ಪಾಠವನ್ನು ಒತ್ತಿ ಹೇಳಬೇಕು: ಟಿಪ್ಪಣಿ ಬರೆಯುವಾಗ ಆಡಿದವರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಬೇಡಿ. ‘ಸಣ್ಣಾಕಿ’ ಎಂಬುದರಲ್ಲಿ ಇರುವ ಮರುಕ ‘ಅಪ್ರಾಪ್ತಳು’ ಎಂಬುದರಲ್ಲಿ ಉಳಿಯುವುದಿಲ್ಲ. ಲೇಖನದ ನಡೆ ಶಿಷ್ಟವಾಗಿರಲಿ, ಉದ್ಧರಣೆಯ ಒಳಗೆ ಊರಿನ ಮಾತು ಇರಲಿ.

ಮಾಯಾಲೋಕದ ಕಟ್ಟಳೆಗಳು

ಮಾಯೆಯಿರುವ ಕಥೆಯ ಬಗ್ಗೆ ‘ಇದು ನಂಬುವಂತಿಲ್ಲ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಬಣ್ಣದ ವೇಷ ಅಬ್ಬರಿಸಿ ಬಂದಾಗ ಅದು ರಾಕ್ಷಸನೇ ಎಂದು ಒಪ್ಪಿಕೊಂಡು ಕೂರುವ ನಮಗೆ, ಕಿಮ್ ಶಿನ್ ಬಾಗಿಲೊಂದನ್ನು ತೆರೆದು ಕೊರಿಯಾದಿಂದ ಕೆನಡಾದ ಕ್ವಿಬೆಕ್ ನಗರಕ್ಕೆ ಕಾಲಿಡುವುದು ಕಷ್ಟವೆನಿಸಬಾರದು. ಕೇಳಬೇಕಾದ ಪ್ರಶ್ನೆ ಬೇರೆ: ಕಥೆ ತಾನೇ ಹಾಕಿಕೊಂಡ ಕಟ್ಟಳೆಯನ್ನು ಕೊನೆಯವರೆಗೆ ಪಾಲಿಸಿತೇ? ಇದಕ್ಕಾಗಿ ಟಿಪ್ಪಣಿ ಪುಸ್ತಕದ ಹಿಂಬದಿಯ ನಾಲ್ಕು ಪುಟಗಳನ್ನು ಮೀಸಲಿಡಿ. ಕಥೆಯಲ್ಲಿ ಹೊಸ ಕಟ್ಟಳೆ ಬಂದ ಕೂಡಲೇ ಕಂತಿನ ಸಂಖ್ಯೆಯೊಂದಿಗೆ ಅಲ್ಲಿ ಬರೆಯಿರಿ. ಉನ್ ತಾಕ್ ಬೆಂಕಿಯನ್ನು ಊದಿ ಆರಿಸಿದರೆ ಅವನು ಅವಳ ಮುಂದೆ ಬಂದು ನಿಲ್ಲುತ್ತಾನೆ. ಅವನು ದುಃಖಿಸಿದರೆ ಮಳೆ ಬರುತ್ತದೆ. ಯಮದೂತ ಟೋಪಿ ಹಾಕಿಕೊಂಡಾಗ ಬದುಕಿರುವವರಿಗೆ ಕಾಣಿಸುವುದಿಲ್ಲ. ಸತ್ತವರಿಗೆ ಅವನು ಕೊಡುವ ಚಹಾ ಈ ಜನ್ಮದ ನೆನಪನ್ನು ಅಳಿಸುತ್ತದೆ, ಆದರೆ ಅವನಿಗೆ ತನ್ನದೇ ಹಿಂದಿನ ಜನ್ಮದ ನೆನಪಿಲ್ಲ. ಕೊನೆಗೆ ಈ ಪುಟಗಳನ್ನು ಗುಂಪಿನ ಮುಂದಿಟ್ಟು, ಯಾವ ಕಟ್ಟಳೆ ಎಲ್ಲಿ ಸಡಿಲಾಯಿತು, ಸಡಿಲಾದದ್ದಕ್ಕೆ ಕಥೆ ಬೆಲೆ ತೆತ್ತಿತೇ ಅಥವಾ ಬರಹಗಾರರ ಅನುಕೂಲಕ್ಕಾಗಿ ಸಡಿಲಾಯಿತೇ ಎಂದು ಕೇಳಿ. ನಮ್ಮ ಗುಂಪಿನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಈ ಪಟ್ಟಿಯನ್ನು ಇಟ್ಟುಕೊಂಡು ಮಾಡಿದ ವಾದ ಹಿರಿಯರೆಲ್ಲರ ಮಾತಿಗಿಂತ ಗಟ್ಟಿಯಾಗಿತ್ತು.

ಹೋಲಿಕೆಗಳನ್ನು ಎಚ್ಚರದಿಂದ ಬಳಸಬೇಕು. ಕಥೆಯ ಮೂಲ ಹೆಸರಿನಲ್ಲಿರುವ ‘ದೊಕ್ಕೆಬಿ’ ಎಂಬ ಪದಕ್ಕೆ ಇಂಗ್ಲಿಷಿನವರು ಗಾಬ್ಲಿನ್ ಎಂದರು, ನಮ್ಮಲ್ಲಿ ಅದು ಸಹಜವಾಗಿ ‘ದೆವ್ವ’ ಆಯಿತು. ಒಂದು ಮನೆಯವರು ದೆವ್ವದ ಕಥೆಯೆಂದು ಮಕ್ಕಳಿಗೆ ನೋಡಲು ಬಿಡಲಿಲ್ಲ. ಕೊರಿಯಾದ ಜಾನಪದದಲ್ಲಿ ದೊಕ್ಕೆಬಿ ಸತ್ತವರ ಪ್ರೇತವಲ್ಲ. ಮನೆಯಲ್ಲಿ ಬಳಸಿ ಬಿಸಾಡಿದ ಹಳೆಯ ಪೊರಕೆಯಂಥ ವಸ್ತುವಿನಿಂದ ಹುಟ್ಟುವುದು, ಕುಸ್ತಿಯೆಂದರೆ ಇಷ್ಟಪಡುವುದು, ಬಕ್‌ವೀಟ್ ಎಂಬ ಧಾನ್ಯದ ತಿನಿಸಿಗೆ ಆಸೆಪಡುವುದು, ಬೇಡಿದ ಸಂಪತ್ತನ್ನು ತರಬಲ್ಲ ದೊಣ್ಣೆಯನ್ನು ಹಿಡಿದಿರುವುದು ಅದರ ಲಕ್ಷಣ. ಸೇನಾಪತಿಯ ರಕ್ತ ಅಂಟಿದ ಕತ್ತಿಯಿಂದ ದೊಕ್ಕೆಬಿ ಆಗುವ ಈ ಕಥೆ ಆ ನಂಬಿಕೆಯನ್ನು ಎತ್ತಿಕೊಂಡು ಗಂಭೀರವಾಗಿ ಬೆಳೆಸಿದೆ. ಕಡಲ ತೀರದ ದೃಶ್ಯದಲ್ಲಿ ಅವನು ಅವಳಿಗೆ ಕೊಡುವ ಬಿಳಿ ಹೂವಿನ ಗೊಂಚಲು ಬಕ್‌ವೀಟ್‌ನದು ಎಂದು ತಿಳಿಯದಿದ್ದರೆ ಅದು ಕೈಗೆ ಸಿಕ್ಕಿದ ಯಾವುದೋ ಹೂವಾಗುತ್ತದೆ. ತಿಳಿದರೆ ಅವನು ತನ್ನ ಕುಲದ ಗುರುತನ್ನೇ ಅವಳ ಕೈಗಿತ್ತಂತಾಗುತ್ತದೆ. ಗ್ಯಾಂಗ್‌ನಂಗ್ ಬಳಿಯ ಜುಮುಂಜಿನ್‌ನ ಆ ಕಡಲ ಕಟ್ಟೆಗೆ ಈಗಲೂ ಜನ ಹೋಗಿ ಅದೇ ಹೂವನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವುದರ ಹಿಂದಿರುವುದು ಆ ದೃಶ್ಯ.

ಸಂಶಿನ್ ಅಜ್ಜಿಯ ವಿಷಯದಲ್ಲಿ ಹೋಲಿಕೆ ನಮಗೆ ನೆರವಾಯಿತು. ಮಕ್ಕಳನ್ನು ಕರುಣಿಸುವ, ಹೆರಿಗೆಯನ್ನು ಕಾಯುವ ಈ ದೇವತೆ ಧಾರಾವಾಹಿಯಲ್ಲಿ ಬೀದಿ ಬದಿಯಲ್ಲಿ ತರಕಾರಿ ಮಾರುವ ಮುದುಕಿಯಾಗಿ ಕಾಣಿಸಿಕೊಳ್ಳುತ್ತಾಳೆ. ಮಹಾರಾಷ್ಟ್ರದಲ್ಲಿ ಹುಟ್ಟಿದ ಮಗುವಿನ ಹಣೆಬರಹ ಬರೆಯಲು ಬರುವ ಸಟವಾಯಿಯನ್ನು ಬಲ್ಲವರಿಗೆ, ಉತ್ತರ ಕರ್ನಾಟಕದಲ್ಲಿ ಅವಳನ್ನೇ ಸಟವಿ ಎಂದು ನಂಬಿದವರಿಗೆ ಆ ಮುದುಕಿ ಯಾರೆಂದು ವಿವರಿಸಬೇಕಾಗಲಿಲ್ಲ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಸೊಪ್ಪಿನ ಕಟ್ಟು ಹರಡಿಕೊಂಡು ಕೂರುವ ಅಜ್ಜಿಯಂದಿರನ್ನು ಕಂಡಾಗ ಈಗ ಆಕೆಯೇ ನೆನಪಾಗುತ್ತಾಳೆ ಎಂದು ಕಲಬುರಗಿಯ ಕಾಕು ಹೇಳಿದರು. ಇಂಥ ಮಾತು ನೋಡುಗರ ಬದುಕಿನಿಂದ ಬಂದದ್ದು, ಹಾಗೆಯೇ ಬರೆದುಕೊಳ್ಳಿ.

ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಬರೆಯಬೇಕು. ಪುನರ್ಜನ್ಮದ ಮಾತು ಬಂದ ಕೂಡಲೇ ‘ಇದು ನಮ್ಮ ಕರ್ಮಸಿದ್ಧಾಂತವೇ’ ಎಂದು ಯಾರೋ ಒಬ್ಬರು ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಚರ್ಚೆ ಅಲ್ಲಿಗೆ ನಿಂತುಬಿಡುತ್ತದೆ. ಈ ಕಥೆಯಲ್ಲಿ ಮನುಷ್ಯನಿಗೆ ನಾಲ್ಕು ಜನ್ಮಗಳು: ಬಿತ್ತುವುದಕ್ಕೆ ಒಂದು, ನೀರೆರೆಯುವುದಕ್ಕೆ ಒಂದು, ಕೊಯ್ಲಿಗೆ ಒಂದು, ಬೆಳೆದದ್ದನ್ನು ಉಣ್ಣುವುದಕ್ಕೆ ಒಂದು. ನಮ್ಮ ಲೆಕ್ಕದಲ್ಲಿ ಹೀಗೆ ಎಣಿಸಿಟ್ಟ ಕೊನೆಯಿಲ್ಲ. ನಾಲ್ಕೇ ಜನ್ಮ ಎಂದಾಗ ಇವರಿಬ್ಬರು ಮತ್ತೆ ಸಿಗುವರೇ ಎಂಬ ಆತಂಕಕ್ಕೆ ಗಡುವು ಬೀಳುತ್ತದೆ, ಪ್ರೇಮಕಥೆಯ ಬಿಗಿ ಇರುವುದೇ ಆ ಗಡುವಿನಲ್ಲಿ. ಯಮದೂತನೂ ಅಷ್ಟೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ನೆನಪಾದರೂ ಇವನು ತೀರ್ಪು ಕೊಡುವವನಲ್ಲ, ಬಂದ ಹೆಸರಿನ ಚೀಟಿಯಂತೆ ಕೆಲಸ ಮಾಡುವ ಕಾರಕೂನ. ಕೊರಿಯನ್ನರು ‘ಇನ್ಯೊನ್’ ಎನ್ನುವ ಪದವನ್ನು ಸಬ್‌ಟೈಟಲ್ ಬರೆಯುವವರು ಸಾಮಾನ್ಯವಾಗಿ ವಿಧಿ ಎಂದು ಅನುವಾದಿಸುತ್ತಾರೆ. ಬೌದ್ಧ ಚಿಂತನೆಯಿಂದ ಬಂದ, ಇಬ್ಬರ ನಡುವಿನ ನಂಟನ್ನು ಸೂಚಿಸುವ ಆ ಪದಕ್ಕೆ ನಮ್ಮ ‘ಋಣಾನುಬಂಧ’ ಹೆಚ್ಚು ಹತ್ತಿರ ಎಂದು ನನ್ನ ಅನಿಸಿಕೆ. ಗುಂಪಿನಲ್ಲಿ ಆ ಪದವನ್ನು ಇಟ್ಟ ದಿನ ಅದುವರೆಗೆ ಸುಮ್ಮನಿದ್ದ ಇಬ್ಬರು ಮಾತನಾಡಿದರು.

ಪ್ರೇಮದ ಬಗ್ಗೆ ಮಾತು ತೆಗೆಯುವುದು

ಪ್ರೇಮದ ದೃಶ್ಯಗಳ ಬಗ್ಗೆ ಮನೆಮಂದಿಯ ನಡುವೆ ನೇರವಾಗಿ ಕೇಳಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ, ಮಕ್ಕಳು ಫೋನಿನತ್ತ ತಿರುಗುತ್ತಾರೆ. ಆದ್ದರಿಂದ ‘ಯಾವ ಜೋಡಿಗಾಗಿ ಮುಂದಿನ ವಾರ ಕಾಯುತ್ತೀರಿ’ ಎಂದು ಕೇಳಬೇಕು. ಈ ಧಾರಾವಾಹಿಯಲ್ಲಿ ಉತ್ತರ ಮೂರು ಕಡೆ ಹಂಚಿಹೋಗುತ್ತದೆ. ಕೆಲವರು ಕಿಮ್ ಶಿನ್ ಮತ್ತು ಉನ್ ತಾಕ್, ಕೆಲವರು ಯಮದೂತ ಮತ್ತು ಸನ್ನಿ, ಇನ್ನು ಕೆಲವರು ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬಾಳುವ ಕಿಮ್ ಶಿನ್ ಮತ್ತು ಯಮದೂತ ಎನ್ನುತ್ತಾರೆ. ಈ ಮೂರನೆಯ ಗೆಳೆತನವೇ ಇಡೀ ಕಥೆಯ ಜೀವಾಳ ಎಂದು ಬಹಳ ಮಂದಿ ನೋಡುಗರು ಹೇಳುವುದನ್ನು ಕೇಳಿದ್ದೇನೆ, ನನ್ನ ಅಭಿಪ್ರಾಯವೂ ಅದೇ. ಸಾವಿಲ್ಲದವನು ಮತ್ತು ಸಾವನ್ನು ಹೊತ್ತು ತರುವವನು ಒಂದೇ ಅಡುಗೆಮನೆಯಲ್ಲಿ ನಿಂತು ಮಾತನಾಡುವಾಗ ಆ ಬರವಣಿಗೆ ಅತ್ಯಂತ ಸಹಜವಾಗಿದೆ.

ಎರಡನೆಯ ಪ್ರಶ್ನೆ: ಈ ಪ್ರೀತಿಗೆ ಯಾರು ಏನನ್ನು ತೆರುತ್ತಾರೆ? ಕತ್ತಿ ಕಿತ್ತರೆ ಅವನಿಗೆ ಬಿಡುಗಡೆ, ಕೀಳದಿದ್ದರೆ ಅವಳಿಗೆ ಅವನ ಸಾಂಗತ್ಯ. ಪ್ರೀತಿಸಿದವಳ ಕೈಯಿಂದಲೇ ಅವನ ಅಂತ್ಯವಾಗಬೇಕೆಂಬ ಈ ಇಕ್ಕಟ್ಟನ್ನು ಕುಂದಾಪುರದ ಅತ್ತಿಗೆ ಒಂದೇ ಸಾಲಿನಲ್ಲಿ ಹೇಳಿದರು: ‘ಅವ್ನಿಗೆ ಸಾಯುಕೂ ಆತಿಲ್ಲ, ಬದ್ಕುಕೂ ಆತಿಲ್ಲ.’ ನಾನು ಅರ್ಧ ಪುಟದಲ್ಲಿ ವಿವರಿಸಲು ಹೊರಟಿದ್ದನ್ನು ಹೊಡೆದುಹಾಕಿ ಆ ಸಾಲನ್ನು ಇಟ್ಟೆ.

ಮಾತನಾಡುವ ಸರದಿಯನ್ನು ಕಿರಿಯರಿಂದ ಆರಂಭಿಸಿ. ಹಿರಿಯರು ಮೊದಲು ಮಾತನಾಡಿದರೆ ಮಕ್ಕಳು ಅದಕ್ಕೆ ವಿರುದ್ಧವಾಗಿ ಹೇಳಲು ಹಿಂಜರಿಯುತ್ತಾರೆ, ಇಲ್ಲವೇ ಬೇಕೆಂದೇ ವಿರುದ್ಧ ಹೇಳುತ್ತಾರೆ. ಒಬ್ಬರ ಅಭಿಪ್ರಾಯ ಎರಡನೆಯ ವಾರಕ್ಕೂ ಏಳನೆಯ ವಾರಕ್ಕೂ ಬದಲಾದರೆ ಎರಡನ್ನೂ ಉಳಿಸಿಕೊಳ್ಳಿ. ಬದಲಾವಣೆಗೆ ಕಾರಣವಾದ ದೃಶ್ಯ ಯಾವುದೆಂದು ಕೇಳಿ ಅದನ್ನೂ ಬರೆದುಕೊಳ್ಳಿ.

ಜಾಹೀರಾತು, ಅಂಕಿಗಳು, ಪ್ರಶಸ್ತಿಗಳು

ಪಾತ್ರಗಳು ಕಾರಣವಿಲ್ಲದೆ ಕಾಫಿ ಅಂಗಡಿಗೆ ಹೋಗುವುದು, ಸೋಫಾದ ಗುಣಗಾನ ಮಾಡುವುದು ನೋಡುಗರಿಗೆ ಕಿರಿಕಿರಿಯಾಗುತ್ತದೆ. ಕಥೆಯೊಳಗೆ ಸರಕನ್ನು ತೋರಿಸಿ ಹಣ ಪಡೆಯಲು ಕೊರಿಯಾದ ಕಾನೂನು ಅವಕಾಶ ಕೊಟ್ಟದ್ದು 2010ರಲ್ಲಿ. ದುಬಾರಿ ಧಾರಾವಾಹಿಗಳ ಖರ್ಚಿನ ಒಂದು ಭಾಗ ಹೀಗೆ ಬರುತ್ತದೆ. ‘ಗಾಬ್ಲಿನ್’ ಬಗ್ಗೆಯೂ ಈ ದೂರು ಕೊರಿಯಾದಲ್ಲಿ ಕೇಳಿಬಂದಿತ್ತು. ದೂರನ್ನು ಬರೆಯುವಾಗ ಯಾವ ಕಂತಿನ ಯಾವ ದೃಶ್ಯದಲ್ಲಿ ಕಥೆ ನಿಂತುಹೋಯಿತು ಎಂದು ತೋರಿಸಿ, ಅಷ್ಟು ಸಾಕು.

ಕೊನೆಯ ಕಂತನ್ನು ಕೊರಿಯಾದ ಶೇ 18ಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದರು ಎಂದು ಟಿವಿ ನೋಡುಗರ ಲೆಕ್ಕವಿಡುವ ನೀಲ್ಸನ್ ಕೊರಿಯಾ ಸಂಸ್ಥೆಯ ಅಳತೆ ಹೇಳುತ್ತದೆ. ಕೇಬಲ್ ವಾಹಿನಿಯೊಂದಕ್ಕೆ ಆಗ ಅದು ಬಹಳ ದೊಡ್ಡ ಸಂಖ್ಯೆ. 2017ರಲ್ಲಿ ಕೊರಿಯಾದ ಬೆಕ್‌ಸಾಂಗ್ ಕಲಾ ಪ್ರಶಸ್ತಿಗಳಲ್ಲಿ ಕಿಮ್ ಉನ್ ಸುಕ್ ಅವರಿಗೆ ಟೆಲಿವಿಷನ್ ವಿಭಾಗದ ಮಹಾಪ್ರಶಸ್ತಿ, ಗಾಂಗ್ ಯೂ ಅವರಿಗೆ ಉತ್ತಮ ನಟ ಪ್ರಶಸ್ತಿ ಬಂದವು. ಈ ಸಂಗತಿಗಳಿಗೆ ಲೇಖನದಲ್ಲಿ ಒಂದು ಸಾಲು ಸಾಕು. ಅಲ್ಲಿ ಇಷ್ಟು ಜನ ನೋಡಿದರೆಂಬುದು ಡೊಂಬಿವಲಿಯ ಹತ್ತು ಮಂದಿಯ ಮಾತನ್ನು ದೃಢಪಡಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಹಾಗೆಯೇ ಹತ್ತು ಮಂದಿಯಲ್ಲಿ ಏಳು ಮಂದಿ ಮೆಚ್ಚಿದರೆ ‘ಶೇ 70 ನೋಡುಗರು ಮೆಚ್ಚಿದರು’ ಎಂದು ಬರೆಯುವುದು ತಪ್ಪು. ‘ನಮ್ಮಲ್ಲಿ ಏಳು ಮಂದಿ’ ಎಂದರೆ ಸತ್ಯವೂ ಹೌದು, ಓದಲು ಚೆನ್ನವೂ ಹೌದು.

ಬರೆಯುವುದು, ಓದಿ ಹೇಳುವುದು

ಕೊನೆಯ ಕಂತು ನೋಡಿದ ದಿನವೇ ಬರೆಯಲು ಕೂರಬೇಡಿ. ಅಂದು ಎಲ್ಲರ ಕಣ್ಣೂ ತುಂಬಿರುತ್ತದೆ, ಹಿಂದಿನ ಏಳು ವಾರಗಳ ಅನುಮಾನಗಳು ಮರೆತುಹೋಗಿರುತ್ತವೆ. ನಾವು ನೋಡಿದ್ದು ಜುಲೈ ಆಗಸ್ಟ್ ತಿಂಗಳಲ್ಲಿ. ಪರದೆಯಲ್ಲಿ ಅವನ ದುಃಖಕ್ಕೆ ಮಳೆ ಸುರಿಯುವಾಗ ಹೊರಗೂ ಸುರಿಯುತ್ತಿತ್ತು, ಆ ಹೊತ್ತಿನಲ್ಲಿ ಆಡಿದ ಮಾತಿಗೆ ಮಳೆಯ ಬಣ್ಣವೂ ಹತ್ತಿತ್ತು. ಒಂದು ವಾರ ಬಿಟ್ಟು ಟಿಪ್ಪಣಿಗಳನ್ನು ಮೊದಲಿನಿಂದ ಓದಿ. ಆಗ ಯಾವ ಮಾತು ನಿಲ್ಲುತ್ತದೆ, ಯಾವುದು ಆ ಗಳಿಗೆಯದು ಎಂದು ತಾನಾಗಿ ತಿಳಿಯುತ್ತದೆ.

ಬರೆಯುವಾಗ ಪ್ರತಿ ಅಭಿಪ್ರಾಯಕ್ಕೂ ಎರಡು ಆಧಾರ ಕೊಡಿ: ಯಾವ ದೃಶ್ಯ, ಯಾರ ಕಣ್ಣು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ‘ನಾಯಕ ನಾಯಕಿಯರ ವಯಸ್ಸಿನ ಅಂತರ ಕೆಲವರಿಗೆ ಇಷ್ಟವಾಗಲಿಲ್ಲ’ ಎಂದು ನಾನು ಹಿಂದೆ ಬರೆಯುತ್ತಿದ್ದೆ. ಈ ಸಲ ಬರೆದದ್ದು ಹೀಗೆ:

‘ಮೊದಲ ಕಂತಿನಲ್ಲಿ ಉನ್ ತಾಕ್ ಕಡಲ ತೀರದಲ್ಲಿ ಒಬ್ಬಳೇ ಕುಳಿತು ಹುಟ್ಟುಹಬ್ಬದ ಮೇಣದ ಬತ್ತಿ ಆರಿಸಿ, ಒಂದು ಸಣ್ಣ ಕೆಲಸ ಸಿಗಲಿ, ಚಿಕ್ಕಮ್ಮನ ಮನೆಯ ಕಷ್ಟ ತಪ್ಪಲಿ, ಪ್ರೀತಿಸುವವನೊಬ್ಬ ಬರಲಿ ಎಂದು ಬೇಡಿಕೊಳ್ಳುತ್ತಾಳೆ. ಉಳಿದವರಿಗೆ ಇದು ಪ್ರೇಮಕಥೆಯ ಮುದ್ದಾದ ಆರಂಭ. ನಮ್ಮ ಗುಂಪಿನ ಒಬ್ಬ ಅಕ್ಕ ಮಾತ್ರ ಅದನ್ನು ಹಾಗೆ ನೋಡಲಿಲ್ಲ. ಹದಿನೇಳರಲ್ಲಿ ಮದುವೆಯಾಗಿ, ತಮಗಿಂತ ಬಹಳ ದೊಡ್ಡವರಾದ ಗಂಡನ ಹಿಂದೆ ವಿಜಯಪುರದಿಂದ ಈ ಊರಿಗೆ ಬಂದ ಅವರು, ದಿಕ್ಕಿಲ್ಲದ ಹುಡುಗಿಗೆ ಮೊದಲು ಬೇಕಾದದ್ದು ಇರಲು ಒಂದು ಮನೆ, ಅದನ್ನು ಕೊಟ್ಟವನನ್ನು ಅವಳು ಪ್ರೀತಿ ಎಂದು ತಿಳಿದರೆ ತಪ್ಪು ಅವಳದಲ್ಲ ಎಂದರು. ಹದಿನಾರು ಕಂತು ಮುಗಿದರೂ ಅವರ ಮಾತು ಬದಲಾಗಲಿಲ್ಲ. ಆದರೂ ಯಮದೂತ ಮತ್ತು ಸನ್ನಿಯ ಸಲುವಾಗಿ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.’

ಒಬ್ಬರ ಸ್ವಂತ ಬದುಕು ಹೀಗೆ ಬರಹದೊಳಗೆ ಬಂದಾಗ ಅಚ್ಚಿಗೆ ಕೊಡುವ ಮೊದಲು ಅದನ್ನು ಅವರಿಗೆ ಪೂರ್ತಿ ಓದಿ ಹೇಳಬೇಕು, ಅದೂ ಗುಂಪಿನ ಮುಂದೆ ಬೇಡ, ಅವರ ಮನೆಯಲ್ಲಿ. ಹೆಸರು ಹಾಕುವುದೋ ಬೇಡವೋ, ಯಾವ ಸಾಲು ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಬೇಡವೆಂದರೆ ಎಷ್ಟೇ ಒಳ್ಳೆಯ ಸಾಲಾದರೂ ತೆಗೆದುಬಿಡಿ. ನಾನು ಓದಿ ಮುಗಿಸಿದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹೆಸರು ಬೇಡ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹದಿನೇಳು ಅಲ್ಲ, ಹದಿನಾರು. ಅಷ್ಟು ತಿದ್ದು’ ಎಂದರು. ತಿದ್ದಿ ಅಚ್ಚಿಗೆ ಕೊಟ್ಟೆ.